ನೆಲದ ತೂಕ ನೋಡಿ ಖಂಡದ ಒಡಲನ್ನು ಓದುವುದು

ಆಸ್ಟ್ರೇಲಿಯಾದ ಭೂಪಟವನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಸುಮಾರು 77 ಲಕ್ಷ ಚದರ ಕಿಲೋಮೀಟರ್ ನೆಲ. ಅದರ ಬಹುಪಾಲು ಮರಳು, ಕೆಂಪುಮಣ್ಣು, ಉಪ್ಪಿನ ಕೆರೆಗಳು, ಕಲ್ಲು ಕೊಳೆತು ಆದ ಮಣ್ಣು. ಸುತ್ತಿಗೆ ಹಿಡಿದು ಹೊರಟ ಭೂವಿಜ್ಞಾನಿಗೆ ದಿನಗಟ್ಟಲೆ ನಡೆದರೂ ಒಂದು ಒಳ್ಳೆಯ ಬಂಡೆ ಸಿಗದ ಪ್ರದೇಶಗಳಿವೆ. ನಮ್ಮಲ್ಲಿ ರಾಮನಗರ ದಾಟುವಾಗ ಬಸ್ಸಿನ ಕಿಟಕಿಯಿಂದಲೇ 250 ಕೋಟಿ ವರ್ಷ ಹಳೆಯ ಗ್ರಾನೈಟ್ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಅಷ್ಟೇ ಹಳೆಯ, ಅದಕ್ಕಿಂತ ಹಳೆಯ ಕಲ್ಲೂ ಇದೆ, ಆದರೆ ಹೆಚ್ಚಿನದು ಹೊದಿಕೆಯ ಕೆಳಗಿದೆ. ಇಡೀ ಖಂಡವನ್ನು ಕೊರೆದು ನೋಡಲಾಗದು. ತೂಗಿ ನೋಡಬಹುದು.

ತೂಗುವುದು ಎಂದರೆ ಇಷ್ಟೇ. ಕಾಲಡಿಯಲ್ಲಿ ಭಾರವಾದ ಕಲ್ಲಿದ್ದರೆ ಅಲ್ಲಿ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚು, ಹಗುರ ಕಲ್ಲಿದ್ದರೆ ಅಷ್ಟೇ ಕಡಿಮೆ. ಗ್ರಾನೈಟ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ ಆಸುಪಾಸು. ಬಸಾಲ್ಟ್ 2.9ರ ಹತ್ತಿರ, ಎಳೆಯ ಮರಳುಗಲ್ಲು 2.2ರಿಂದ 2.4, ಕಬ್ಬಿಣದ ಅದಿರಾದ ಹೆಮಟೈಟ್ 5.2. ಭೂಚಿಪ್ಪಿನ ಕೆಳಗಿನ ಮ್ಯಾಂಟಲ್ 3.3. ಕಲ್ಲು ಕಲ್ಲಿನ ನಡುವಿನ ಈ ವ್ಯತ್ಯಾಸವೇ ನಮ್ಮ ಬಂಡವಾಳ.

ಆದರೆ ಆ ಬಂಡವಾಳ ಎಷ್ಟು ಸಣ್ಣದು ನೋಡಿ. ಗುರುತ್ವವನ್ನು ಮಿಲಿಗಾಲ್‌ನಲ್ಲಿ ಅಳೆಯುತ್ತಾರೆ. ಸಮಭಾಜಕ ವೃತ್ತದಲ್ಲಿ ಅದು ಸುಮಾರು 9,78,033 ಮಿಲಿಗಾಲ್, ಧ್ರುವದಲ್ಲಿ 9,83,218. ಭೂಮಿ ತಿರುಗುವುದರಿಂದ, ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ಬರುವ ಈ ಅಂತರವೇ 5,000 ಮಿಲಿಗಾಲ್ ದಾಟುತ್ತದೆ. ಒಂದು ದೊಡ್ಡ ಶಿಲಾಪಟ್ಟಿ ಕೊಡುವ ಏರಿಳಿತ ಕೆಲವು ಹತ್ತು ಮಿಲಿಗಾಲ್. ಒಂದು ಅದಿರಿನ ಗಡ್ಡೆ ಕೊಡುವುದು ಒಂದೋ ಎರಡೋ, ಎಷ್ಟೋ ಸಲ ಅರ್ಧ. ಹತ್ತು ಲಕ್ಷದಲ್ಲಿ ಒಂದು ಪಾಲನ್ನು ನಂಬಿ ಕೂರಬೇಕು. ಹಾಗಾಗಿ ಈ ವಿದ್ಯೆಯ ಮುಕ್ಕಾಲು ಪಾಲು ಕಳೆಯುವ ಲೆಕ್ಕ: ನಮಗೆ ಕಾರಣ ಗೊತ್ತಿರುವುದನ್ನೆಲ್ಲ ಒಂದೊಂದಾಗಿ ಕಳೆದು, ಕೊನೆಗೆ ಉಳಿದದ್ದನ್ನು ಕಲ್ಲಿನ ಲೆಕ್ಕಕ್ಕೆ ಬರೆಯುವುದು. ಕಳೆಯುವಾಗ ಆದ ತಪ್ಪು ಕೂಡ ಕಲ್ಲಿನ ಲೆಕ್ಕಕ್ಕೇ ಹೋಗಿ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಅಳೆಯುವ ಉಪಕರಣದ ಒಳಗೆ ಒಂದು ಸ್ಪ್ರಿಂಗ್, ಅದಕ್ಕೆ ತೂಗುಬಿಟ್ಟ ಒಂದು ಚಿಕ್ಕ ತೂಕ. ಲಕೋಸ್ಟ್-ರಾಂಬರ್ಗ್ ಮಾಪಕದಲ್ಲಿ ಲೋಹದ ಸ್ಪ್ರಿಂಗ್, ಇತ್ತೀಚಿನ ಸಿಂಟ್ರೆಕ್ಸ್ ಮಾಪಕಗಳಲ್ಲಿ ಕ್ವಾರ್ಟ್ಜ್. ಉಷ್ಣತೆ ಕೊಂಚ ಬದಲಾದರೂ ಸ್ಪ್ರಿಂಗ್ ಹಿಗ್ಗಿ ಕುಗ್ಗುತ್ತದೆ. ಅದಕ್ಕಾಗಿ ಒಳಗಿನ ಕೋಣೆಯನ್ನು ಹೀಟರ್ ಹಾಕಿ ಒಂದೇ ಬಿಸಿಯಲ್ಲಿ ಇಡುತ್ತಾರೆ. ರಾತ್ರಿ ಬ್ಯಾಟರಿ ಮುಗಿದು ಮಾಪಕ ತಣ್ಣಗಾಯಿತೆನ್ನಿ, ಮತ್ತೆ ಬಿಸಿಮಾಡಿದರೂ ಅದು ಹದಕ್ಕೆ ಬರಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ತೆಗೆದ ರೀಡಿಂಗ್‌ಗಳಿಗೆ ಬೆಲೆಯಿಲ್ಲ. ಆದ್ದರಿಂದ ಕ್ಯಾಂಪಿನಲ್ಲಿ ಮೊದಲು ಚಾರ್ಜಿಗೆ ಹಾಕಬೇಕಾದದ್ದು ಮಾಪಕ, ಫೋನು ಆಮೇಲೆ.

ಒಂದು ತಾಣದಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಮುಕ್ಕಾಲಿಯನ್ನು ಗಟ್ಟಿ ನೆಲಕ್ಕೆ ಒತ್ತಿ ಕೂರಿಸಬೇಕು. ಮರಳಾದರೆ ಕೆಳಗೊಂದು ತಟ್ಟೆ ಇಟ್ಟು ಕೂರಿಸುವುದು ಒಳ್ಳೆಯದು. ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡಬೇಕು. ಮಟ್ಟ 10 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ತಪ್ಪಿದರೆ ಆಗುವ ದೋಷ 0.001 ಮಿಲಿಗಾಲ್, ಲೆಕ್ಕಕ್ಕೆ ಬರುವುದಿಲ್ಲ. 100 ಆರ್ಕ್‌ಸೆಕೆಂಡ್ ತಪ್ಪಿದರೆ 0.115 ಮಿಲಿಗಾಲ್, ಅಂದರೆ ಹತ್ತು ಪಟ್ಟು ವಾಲಿದರೆ ನೂರು ಪಟ್ಟು ತಪ್ಪು. ಮರಳಿನಲ್ಲಿ ರೀಡಿಂಗ್ ನಡೆಯುತ್ತಿರುವಾಗಲೇ ಒಂದು ಕಾಲು ಮೆಲ್ಲಗೆ ಇಳಿಯುತ್ತದೆ, ಅದನ್ನು ಗಮನಿಸುತ್ತಿರಬೇಕು. ಗಾಳಿಗೆ ಅಡ್ಡ ನಿಂತು, ಅಲುಗಾಡದೆ, ಒಂದೊಂದು ನಿಮಿಷದ ಎರಡು ಮೂರು ರೀಡಿಂಗ್. ಅವುಗಳ ನಡುವೆ 0.01 ಮಿಲಿಗಾಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ.

ಸ್ಪ್ರಿಂಗ್ ಎಂಥದ್ದಾದರೂ ದಿನ ಕಳೆದಂತೆ ತಾನಾಗಿ ಜಾರುತ್ತದೆ. ಇದನ್ನು ಡ್ರಿಫ್ಟ್ ಅನ್ನುತ್ತಾರೆ. ಬೆಳಿಗ್ಗೆ ಬೇಸ್ ಸ್ಟೇಷನ್‌ನಲ್ಲಿ, ಅಂದರೆ ಹೋಲಿಕೆಗೆ ಗೊತ್ತುಮಾಡಿಕೊಂಡ ತಾಣದಲ್ಲಿ, ಓದಿ ಹೊರಟು, ಸಂಜೆ ಅದೇ ಕಲ್ಲಿನ ಮೇಲೆ ಮಾಪಕ ಇಟ್ಟು ಓದಿ, ಸೂರ್ಯ ಚಂದ್ರರ ಸೆಳೆತವನ್ನು ತೆಗೆದ ಮೇಲೆ ಉಳಿದ ಅಂತರವನ್ನು ಹೊತ್ತಿಗೆ ತಕ್ಕಂತೆ ದಿನದ ಎಲ್ಲ ತಾಣಗಳಿಗೂ ಹಂಚುತ್ತಾರೆ. ಸೂರ್ಯ ಚಂದ್ರರದ್ದೇ ಒಂದು ದಿನದಲ್ಲಿ 0.3 ಮಿಲಿಗಾಲ್‌ವರೆಗೆ ಏರಿಳಿಯುತ್ತದೆ. ಡ್ರಿಫ್ಟ್‌ಗಿಂತ ಕೆಟ್ಟದ್ದು ಟೇರ್: ಮಾಪಕಕ್ಕೆ ಎಲ್ಲೋ ಒಂದು ಪೆಟ್ಟು ಬಿದ್ದು ರೀಡಿಂಗ್ ದಿಢೀರನೆ ನೆಗೆಯುವುದು. ಬೆಳಿಗ್ಗೆ, ಸಂಜೆ ಎರಡೇ ಸಲ ಬೇಸ್ ಓದಿದ್ದರೆ ಆ ನೆಗೆತ ಎಲ್ಲಿ ಆಯಿತೆಂದು ಹೇಳಲಾಗದು. ಹಂಚಿಬಿಟ್ಟರೆ ಸರಿಯಿದ್ದ ತಾಣಗಳೂ ಕೆಡುತ್ತವೆ. ಹಾಗಾಗಿ ದಾರಿಯಲ್ಲಿ ನಾಲ್ಕಾರು ತಾಣಗಳನ್ನು ಎರಡೆರಡು ಸಲ ಓದುವುದು ಪದ್ಧತಿ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಆದರೆ ಒಂದು ದಿನದ ಕೆಲಸ ಉಳಿಯುತ್ತದೆ.

ಈ ಮಾಪಕ ಒಂದು ತಾಣಕ್ಕೂ ಇನ್ನೊಂದು ತಾಣಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳುತ್ತದೆ. ಖಂಡದ ಒಂದು ಮೂಲೆಯ ಅಳತೆಯನ್ನು ಇನ್ನೊಂದು ಮೂಲೆಯ ಅಳತೆಗೆ ಹೊಲಿಯಬೇಕಾದರೆ ಗಟ್ಟಿಯಾದ ಬೇಸ್ ಜಾಲ ಬೇಕು. ಆಸ್ಟ್ರೇಲಿಯಾದ ಖನಿಜ ಸಂಪನ್ಮೂಲ ಬ್ಯೂರೋ 1950–51ರಲ್ಲಿ ಲೋಲಕಗಳನ್ನು ಹೊತ್ತು 59 ತಾಣಗಳಲ್ಲಿ ಅಳೆಯಿತು. ಆಮೇಲೆ 1964ರಿಂದ 67ರವರೆಗೆ ಐಸೊಗಾಲ್ ಎಂಬ ಸಮೀಕ್ಷೆ. ಅದರ ಉಪಾಯ ಬಹಳ ಚೆಂದ. ಮಾಪಕದ ಕ್ಯಾಲಿಬ್ರೇಶನ್ ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಿದ್ದರೂ, 1,000 ಮಿಲಿಗಾಲ್ ಅಂತರದ ಎರಡು ಊರುಗಳ ನಡುವೆ ಅದು 0.1 ಮಿಲಿಗಾಲ್ ದೋಷ ತರುತ್ತದೆ. ಆದರೆ ಗುರುತ್ವ ಹೆಚ್ಚುಕಡಿಮೆ ಒಂದೇ ಇರುವ ತಾಣಗಳನ್ನೇ ಪೂರ್ವದಿಂದ ಪಶ್ಚಿಮಕ್ಕೆ ಜೋಡಿಸುತ್ತ ವಿಮಾನದಲ್ಲಿ ಹೋದರೆ ಗುಣಿಸಬೇಕಾದ ಅಂತರವೇ ಚಿಕ್ಕದು, ದೋಷವೂ ಚಿಕ್ಕದು. ಸಮಾನ ಗುರುತ್ವದ ಗೆರೆ ಹಿಡಿದು ಹೋಗುವುದರಿಂದಲೇ ಆ ಹೆಸರು. ಈಗ ಲೇಸರ್ ಬೆಳಕಿನಲ್ಲಿ ಬೀಳುವ ಪ್ರತಿಫಲಕವನ್ನು ಅಳೆಯುವ ನಿರಪೇಕ್ಷ ಮಾಪಕಗಳು ಬಂದಿವೆ, ಎಲ್ಲ ಅಳತೆಗಳಿಗೂ ಆಧಾರವಾಗುವ 2007ರ ಆಸ್ಟ್ರೇಲಿಯನ್ ಗುರುತ್ವ ಮಾನ ಅವುಗಳ ಮೇಲೆ ನಿಂತಿದೆ. ಹಿಂದಿನ ಮಾನಕ್ಕೂ ಅದಕ್ಕೂ 0.08 ಮಿಲಿಗಾಲ್‌ನಷ್ಟು ವ್ಯತ್ಯಾಸವಿದೆ. ಹಳೆಯ ಪಟ್ಟಿ, ಹೊಸ ಪಟ್ಟಿ ಬೆರೆಸುವವರು ಇದನ್ನು ನೋಡದೆ ಮುಂದೆ ಹೋಗಬಾರದು.

ಖಂಡವನ್ನು ತುಂಬಿದ್ದು ಹೆಲಿಕಾಪ್ಟರ್. 1959ರಿಂದ 1974ರವರೆಗೆ 11 ಕಿಲೋಮೀಟರಿಗೆ ಒಂದರಂತೆ ಚೌಕ ಚೌಕವಾಗಿ ಇಳಿದು, ಓದಿ, ಹಾರಿದರು. ಕೆಲವು ಕಡೆ ಅಂತರ 7 ಕಿಲೋಮೀಟರ್. 11 ಕಿಲೋಮೀಟರ್ ಅಂದರೆ ಒಂದು ಚುಕ್ಕೆಗೆ 121 ಚದರ ಕಿಲೋಮೀಟರ್. ಇಡೀ ಖಂಡಕ್ಕೆ ಅರವತ್ತು ಸಾವಿರದ ಮೇಲೆ ಚುಕ್ಕೆ. 1976ರಲ್ಲಿ ಇಡೀ ದೇಶದ ಗುರುತ್ವ ನಕ್ಷೆ ಅಚ್ಚಾಯಿತು.

ಈಗ ಈ ಕೆಲಸದ ನಿಜವಾದ ತಲೆನೋವಿಗೆ ಬರೋಣ. ಅದು ಗುರುತ್ವವಲ್ಲ, ಎತ್ತರ. ಒಂದು ಮೀಟರ್ ಮೇಲೇರಿದರೆ ಗುರುತ್ವ 0.3086 ಮಿಲಿಗಾಲ್ ಇಳಿಯುತ್ತದೆ, ಏಕೆಂದರೆ ಭೂಕೇಂದ್ರದಿಂದ ದೂರವಾದಿರಿ. ಆದರೆ ಆ ಒಂದು ಮೀಟರಿನಲ್ಲಿ ಕಲ್ಲು ತುಂಬಿದ್ದರೆ ಅದು 0.1119 ಮಿಲಿಗಾಲ್‌ನಷ್ಟು ಕೆಳಕ್ಕೆ ಸೆಳೆಯುತ್ತದೆ. ಎರಡನೆಯದೇ ಬೂಗೇರ್ ತಿದ್ದುಪಡಿ, ಸಾಂದ್ರತೆ 2.67 ಎಂದು ಹಿಡಿದದ್ದು. ಎರಡೂ ಸೇರಿ ಮೀಟರಿಗೆ ಸುಮಾರು 0.2 ಮಿಲಿಗಾಲ್. ಮಾಪಕ 0.01 ಮಿಲಿಗಾಲ್ ಓದಬಲ್ಲದು ಎಂದು ಹೆಮ್ಮೆಪಟ್ಟರೆ ಸಾಲದು, ಅದಕ್ಕೆ ಸರಿದೂಗುವಂತೆ ಎತ್ತರವನ್ನು 5 ಸೆಂಟಿಮೀಟರ್‌ವರೆಗೆ ತಿಳಿದಿರಬೇಕು. 1960ರ ದಶಕದ ಹೆಲಿಕಾಪ್ಟರ್ ಸಮೀಕ್ಷೆಗಳಲ್ಲಿ ಎತ್ತರ ಅಳೆದದ್ದು ಬ್ಯಾರೋಮೀಟರಿನಿಂದ. ಗಾಳಿಯ ಒತ್ತಡ ಒಂದು ಮಿಲಿಬಾರ್ ಬದಲಾದರೆ ಎತ್ತರ ಎಂಟು ಮೀಟರಿಗೂ ಹೆಚ್ಚು ಬದಲಾದಂತೆ ತೋರುತ್ತದೆ, ಅಂದರೆ ಒಂದೂವರೆ ಮಿಲಿಗಾಲ್‌ಗೂ ಮೇಲೆ. ಬೇಸ್‌ನಲ್ಲಿ ಇನ್ನೊಂದು ಬ್ಯಾರೋಮೀಟರ್ ಇಟ್ಟು ಹವೆಯ ಬದಲಾವಣೆಯನ್ನು ಕಳೆಯುತ್ತಿದ್ದರು, ಆದರೂ 5 ಮೀಟರ್ ತಪ್ಪು ಉಳಿದರೆ ಅದೇ ಒಂದು ಮಿಲಿಗಾಲ್. ಹಳೆಯ ದತ್ತಾಂಶದಲ್ಲಿ ಒಂದೆರಡು ಮಿಲಿಗಾಲ್‌ನ ಒಂಟಿ ಗುಬುಟು ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಎತ್ತರವನ್ನೇ.

ಜಿಪಿಎಸ್ ಬಂದ ಮೇಲೆ ಕಷ್ಟ ತೀರಿತು, ಬೇರೊಂದು ಬಲೆ ಹುಟ್ಟಿತು. ಜಿಪಿಎಸ್ ಕೊಡುವುದು ಗಣಿತದ ದೀರ್ಘವೃತ್ತಜದಿಂದ, ಅಂದರೆ ಭೂಮಿಗೆಂದು ಲೆಕ್ಕದಲ್ಲಿ ಹಿಡಿದ ನಯವಾದ ಚಪ್ಪಟೆ ಗೋಳದಿಂದ, ಅಳೆದ ಎತ್ತರ. ಹಳೆಯ ದಾಖಲೆಗಳಲ್ಲಿರುವುದು ಸಮುದ್ರ ಮಟ್ಟದಿಂದ ಅಳೆದದ್ದು. ಬೆಂಗಳೂರಿನಲ್ಲೇ ನೋಡಿ, ಜಿಪಿಎಸ್‌ನ ಎತ್ತರ ಸಮುದ್ರ ಮಟ್ಟದ ಎತ್ತರಕ್ಕಿಂತ ಸುಮಾರು 85 ಮೀಟರ್ ಕಡಿಮೆ ಬರುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮಟ್ಟ 106 ಮೀಟರ್ ತಗ್ಗಿದೆ, ಜಗತ್ತಿನಲ್ಲೇ ಅತಿ ಆಳದ ತಗ್ಗು ಅದು, ನಾವು ಅದರ ಅಂಚಿನಲ್ಲಿದ್ದೇವೆ. ಆಸ್ಟ್ರೇಲಿಯಾದಲ್ಲಿ ಈ ಅಂತರ ನೈಋತ್ಯದಲ್ಲಿ ಮೈನಸ್ 30 ಮೀಟರ್ ದಾಟಿದರೆ ಈಶಾನ್ಯದಲ್ಲಿ ಪ್ಲಸ್ 70 ಮೀಟರ್. ಎರಡು ಬಗೆಯ ಎತ್ತರವನ್ನು ಬೆರೆಸಿದರೆ ಖಂಡದ ಉದ್ದಕ್ಕೂ 20 ಮಿಲಿಗಾಲ್‌ನ ಒಂದು ನಯವಾದ ಇಳಿಜಾರು ಮೂಡುತ್ತದೆ. ನಯವಾಗಿರುವುದರಿಂದಲೇ ಅದು ಅಪಾಯ, ಆಳದ ಭೂರಚನೆ ಎಂದು ಯಾರಾದರೂ ನಂಬಿಯಾರು.

ಸಾಂದ್ರತೆ 2.67 ಎಂದು ಹಿಡಿದೆವಲ್ಲ, ಅದೂ ಎಲ್ಲೆಡೆ ನಿಜವಲ್ಲ. 20 ಮೀಟರ್ ಎತ್ತರದ ಮರಳುದಿಬ್ಬದ ಸಾಂದ್ರತೆ 1.9 ಇರಬಹುದು. ಅದನ್ನು ಕಲ್ಲೆಂದು ತಿಳಿದು ಕಳೆದರೆ ದಿಬ್ಬದ ನೆತ್ತಿಯಲ್ಲಿ 0.65 ಮಿಲಿಗಾಲ್ ಹೆಚ್ಚಿಗೆ ಕಳೆದಂತಾಯಿತು. ಆಗ ನಕ್ಷೆಯಲ್ಲಿ ದಿಬ್ಬದ ಸಾಲೇ ತಗ್ಗಿನ ಸಾಲಾಗಿ ಮೂಡುತ್ತದೆ. ನೆಲದ ಏರಿಳಿತಕ್ಕೂ ಉಳಿದ ಗುರುತ್ವಕ್ಕೂ ತಾಳ ಹೊಂದಿದರೆ ಸಾಂದ್ರತೆಯನ್ನು ತಪ್ಪಾಗಿ ಹಿಡಿದಿದ್ದೀರಿ ಎಂದೇ ಮೊದಲು ಯೋಚಿಸಿ. ಅಕ್ಷಾಂಶದ ತಿದ್ದುಪಡಿ ಸುಲಭದ್ದು: 30 ಡಿಗ್ರಿಯಲ್ಲಿ ಉತ್ತರ ದಕ್ಷಿಣಕ್ಕೆ ಒಂದು ಕಿಲೋಮೀಟರಿಗೆ 0.7 ಮಿಲಿಗಾಲ್.

ಇಲ್ಲಿ ಒಂದು ನಿಮಿಷ ಭಾರತಕ್ಕೆ ಬನ್ನಿ. ಮುಂದೆ ಹೇಳುವುದರ ಬೇರು ಇಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಮಹಾ ತ್ರಿಕೋನಮಿತಿ ಸಮೀಕ್ಷೆಯಲ್ಲಿ ಕಲ್ಯಾಣಪುರ ಮತ್ತು ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ಎಂಬ ಎರಡು ತಾಣಗಳ ಅಕ್ಷಾಂಶದ ಅಂತರವನ್ನು ನೆಲದ ಮೇಲೆ ಅಳೆದಾಗ ಒಂದು ಉತ್ತರ, ನಕ್ಷತ್ರ ನೋಡಿ ಅಳೆದಾಗ ಇನ್ನೊಂದು. ವ್ಯತ್ಯಾಸ 5.2 ಆರ್ಕ್‌ಸೆಕೆಂಡ್. ಹಿಮಾಲಯ ತೂಗುಗುಂಡನ್ನು ತನ್ನತ್ತ ಎಳೆದದ್ದೇ ಕಾರಣವೆಂದು ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿದರೆ, ಬರಬೇಕಾದದ್ದು 15.9 ಎಂದು ಬಂತು. ಪರ್ವತ ಎಳೆಯಬೇಕಾದಷ್ಟು ಎಳೆಯುತ್ತಿಲ್ಲ! 1855ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಕೊಟ್ಟ ವಿವರಣೆ: ಪರ್ವತಕ್ಕೆ ಕೆಳಗೆ ಹಗುರವಾದ ಬೇರಿದೆ, ಅದು ಮ್ಯಾಂಟಲ್‌ನಲ್ಲಿ ತೇಲುತ್ತಿದೆ. ಪ್ರ್ಯಾಟ್ ನಂತರ ಬೇರೆ ವಿವರಣೆ ಕೊಟ್ಟರು, ಪರ್ವತದಡಿಯ ಕಲ್ಲೇ ಹಗುರ ಎಂದು. ಎರಡರ ತಿರುಳೂ ಒಂದೇ. ಭೂಚಿಪ್ಪು ತೇಲಿ ಸಮತೋಲಕ್ಕೆ ಬರುತ್ತದೆ, ದೊಡ್ಡ ಅಳತೆಯಲ್ಲಿ ಏರುಪೇರು ಉಳಿಯುವುದಿಲ್ಲ.

ಈ ನಿಯಮವನ್ನು ಮನಸ್ಸಿನಲ್ಲಿಟ್ಟು ಆಸ್ಟ್ರೇಲಿಯಾದ ನಡುಭಾಗವನ್ನು ನೋಡಿ. ಬೂಗೇರ್ ನಕ್ಷೆಯಲ್ಲಿ, ಅಂದರೆ ಈ ತಿದ್ದುಪಡಿಗಳನ್ನೆಲ್ಲ ಕಳೆದು ಉಳಿದ ಗುರುತ್ವದ ನಕ್ಷೆಯಲ್ಲಿ, ಅಲ್ಲಿ ಪೂರ್ವ ಪಶ್ಚಿಮವಾಗಿ ದೊಡ್ಡ ಪಟ್ಟೆಗಳು: ಉತ್ತರದ ಅರುಂಟಾ ಮತ್ತು ದಕ್ಷಿಣದ ಮಸ್‌ಗ್ರೇವ್ ಪ್ರಾಂತ್ಯಗಳಲ್ಲಿ ಗುರುತ್ವದ ಎತ್ತರ, ನಡುವಿನ ಅಮಡಿಯಸ್ ಜಲಾನಯನದ (ಹೂಳು ತುಂಬಿ ಪದರಗಲ್ಲಾದ ಹಳೆಯ ಬೋಗುಣಿ) ಕಡೆ ಗುರುತ್ವದ ತಗ್ಗು. ಏರಿಳಿತ 150 ಮಿಲಿಗಾಲ್‌ನಷ್ಟು, ಖಂಡಗಳ ಒಳನಾಡಿನಲ್ಲಿ ಕಾಣುವ ಅತಿ ದೊಡ್ಡವುಗಳಲ್ಲಿ ಒಂದು. ಆದರೆ ಅದಕ್ಕೆ ತಕ್ಕ ದೊಡ್ಡ ಪರ್ವತ ಮೇಲೆ ಇಲ್ಲ.

ತಗ್ಗಿಗೆ ಜಲಾನಯನದ ಹಗುರ ಮರಳುಗಲ್ಲೇ ಕಾರಣವಿರಬಹುದೇ? ಲೆಕ್ಕ ಮಾಡೋಣ. ಹರಡಿದ ಪದರಕ್ಕೆ ಒಂದು ಸರಳ ಸೂತ್ರವಿದೆ: ಒಂದು ಕಿಲೋಮೀಟರ್ ದಪ್ಪಕ್ಕೆ, ಸಾಂದ್ರತೆಯಲ್ಲಿ 0.1 ವ್ಯತ್ಯಾಸಕ್ಕೆ 4.2 ಮಿಲಿಗಾಲ್. ಅಷ್ಟು ಹಳೆಯ, ಒತ್ತಿ ಗಟ್ಟಿಯಾದ ಮರಳುಗಲ್ಲಿಗೆ 0.2 ವ್ಯತ್ಯಾಸ ಕೊಟ್ಟರೂ 150 ಮಿಲಿಗಾಲ್‌ಗೆ 18 ಕಿಲೋಮೀಟರ್ ದಪ್ಪ ಬೇಕು. ಅಷ್ಟು ಇಲ್ಲ. ಹಾಗಾದರೆ ಆಳಕ್ಕೆ ಇಳಿಯಲೇಬೇಕು. ಚಿಪ್ಪು ಮತ್ತು ಮ್ಯಾಂಟಲ್ ನಡುವಿನ ಗಡಿಯೇ ಮೇಲೆ ಕೆಳಗಾಗಿದೆ. ಚಿಪ್ಪನ್ನು ಸೀಳಿದ ಸ್ತರಭಂಗಗಳ ಮೇಲೆ ಭಾರವಾದ ಕೆಳಚಿಪ್ಪು, ಅದರ ಜೊತೆ ಮ್ಯಾಂಟಲ್ ಕೂಡ, ಮೇಲಕ್ಕೆ ತಳ್ಳಲ್ಪಟ್ಟಿವೆ. ದೂರದ ಭೂಕಂಪಗಳ ಅಲೆಗಳು ಕೆಲವು ತಾಣಗಳಿಗೆ ಬೇಗ, ಕೆಲವಕ್ಕೆ ತಡವಾಗಿ ತಲುಪಿದ್ದು ಇದಕ್ಕೆ ಬೆಂಬಲ ಕೊಟ್ಟಿತು. ಈ ತಳ್ಳಾಟ ಮಸ್‌ಗ್ರೇವ್‌ನಲ್ಲಿ ಸುಮಾರು 55 ಕೋಟಿ ವರ್ಷಗಳ ಹಿಂದೆ, ಅರುಂಟಾದಲ್ಲಿ 45ರಿಂದ 30 ಕೋಟಿ ವರ್ಷಗಳ ಹಿಂದೆ ನಡೆದದ್ದು. ಅಂದಿನಿಂದ ಇಂದಿನವರೆಗೆ ಅದು ತೇಲಿ ಸಮತೋಲಕ್ಕೆ ಬಂದಿಲ್ಲ! ತಣ್ಣಗಿನ, ಗಟ್ಟಿಯಾದ ಖಂಡದ ತಳ ಆ ಭಾರವನ್ನು ಇನ್ನೂ ಹೊತ್ತು ನಿಂತಿದೆ. ಒಂದು ಗುರುತ್ವ ನಕ್ಷೆ ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಆಳದ್ದು, ಮೇಲಿನದ್ದು ಎರಡೂ ಒಂದೇ ನಕ್ಷೆಯಲ್ಲಿ ಬೆರೆತಿರುತ್ತವೆ. ಬೇರೆ ಮಾಡಲು ಇರುವ ಮುಖ್ಯ ಸಾಧನ ಲೆಕ್ಕದಲ್ಲೇ ಮೇಲಕ್ಕೇರುವುದು. ಇಡೀ ನಕ್ಷೆಯನ್ನು 5 ಕಿಲೋಮೀಟರ್ ಎತ್ತರದಿಂದ ಅಳೆದಿದ್ದರೆ ಹೇಗಿರುತ್ತಿತ್ತು ಎಂದು ಗಣಕದಲ್ಲಿ ಲೆಕ್ಕ ಹಾಕುತ್ತಾರೆ. ಆಗ 10 ಕಿಲೋಮೀಟರ್ ಅಗಲದ ಅಲೆಯಲ್ಲಿ ಶೇಕಡ 4 ಮಾತ್ರ ಉಳಿಯುತ್ತದೆ, 100 ಕಿಲೋಮೀಟರ್ ಅಲೆಯಲ್ಲಿ ಶೇಕಡ 73. ಮೂಲದಿಂದ ಇದನ್ನು ಕಳೆದರೆ ಮೇಲುಮೇಲಿನ ಕಲ್ಲಿನ ಚಿತ್ರ ಸಿಗುತ್ತದೆ. ಇನ್ನೂ ಒಂದು ಹೆಜ್ಜೆ ಇದೆ. ಒಂದೊಂದು ಎತ್ತರದಲ್ಲೂ ಗುರುತ್ವ ಚುರುಕಾಗಿ ಬದಲಾಗುವ ಗೆರೆಗಳನ್ನು ಹುಡುಕಿ ಒಂದರ ಮೇಲೊಂದು ಪೇರಿಸುತ್ತಾರೆ. ನಕ್ಷೆಯಲ್ಲಿ ಅವು ಹರಿದಾಡುವ ಹುಳುಗಳಂತೆ ಕಾಣುವುದರಿಂದ ಕಸುಬಿನವರು ಅವನ್ನು ವರ್ಮ್ಸ್ ಎಂದೇ ಕರೆಯುತ್ತಾರೆ. ಎತ್ತರ ಹೆಚ್ಚಿದಂತೆ ಗೆರೆ ಒಂದೇ ಕಡೆ ಸರಿಯುತ್ತ ಹೋದರೆ ಎರಡು ಶಿಲೆಗಳ ಗಡಿ ಆ ಕಡೆಗೆ ವಾಲಿದೆ ಎಂದರ್ಥ. ಸರಿಯದೆ ನಿಂತರೆ ಗಡಿ ಬಹುಮಟ್ಟಿಗೆ ನೆಟ್ಟಗಿದೆ.

ಮಿತಿಯನ್ನೂ ಹೇಳಬೇಕು. 500 ಮೀಟರ್ ತ್ರಿಜ್ಯದ ಒಂದು ಗುಂಡನೆಯ ಗಡ್ಡೆ, ಸುತ್ತಲಿನ ಕಲ್ಲಿಗಿಂತ 0.5 ಹೆಚ್ಚು ಸಾಂದ್ರ, ಅದರ ನಡುಬಿಂದು ಒಂದು ಕಿಲೋಮೀಟರ್ ಆಳದಲ್ಲಿದೆ ಎಂದುಕೊಳ್ಳಿ. ನೆತ್ತಿಯ ಮೇಲೆ ಅದು ಕೊಡುವುದು 1.75 ಮಿಲಿಗಾಲ್. ಪಕ್ಕಕ್ಕೆ 770 ಮೀಟರ್ ಸರಿದರೆ ಅರ್ಧಕ್ಕಿಳಿಯುತ್ತದೆ. ತಾಣಗಳು 11 ಕಿಲೋಮೀಟರ್ ದೂರ ದೂರ ಇದ್ದರೆ ಆ ಗಡ್ಡೆ ಇದ್ದದ್ದೇ ಗೊತ್ತಾಗುವುದಿಲ್ಲ. ಇನ್ನು ಅದು ಕಂಡರೂ, ಅದೇ ಆಳದಲ್ಲಿ ಅರ್ಧ ಗಾತ್ರದ, ಎರಡು ಪಟ್ಟು ಹೆಚ್ಚುವರಿ ಸಾಂದ್ರತೆಯ ಗಡ್ಡೆ ತದ್ವತ್ ಅದೇ ಅಂಕಿ ಕೊಡುತ್ತದೆ. ಆಳ ಕಡಿಮೆಯ, ಅಗಲ ಹೆಚ್ಚಿನ ತಟ್ಟೆಯಂಥ ಕಲ್ಲೂ ಹೆಚ್ಚುಕಡಿಮೆ ಅದನ್ನೇ ಕೊಡಬಲ್ಲದು. ಗುರುತ್ವ ಒಂದರಿಂದಲೇ ಇವುಗಳಲ್ಲಿ ಯಾವುದು ನಿಜ ಎಂದು ಹೇಳಲು ಆಗುವುದಿಲ್ಲ, ಎಷ್ಟೇ ಚೆನ್ನಾಗಿ ಅಳೆದರೂ.

ಒಲಿಂಪಿಕ್ ಡ್ಯಾಮ್ ಎಂಬ ತಾಮ್ರದ ಗಣಿ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಆಸ್ಟ್ರೇಲಿಯಾದ ರಾಕ್ಸ್‌ಬಿ ಡೌನ್ಸ್‌ನಲ್ಲಿ ಮೇಲೆ ಬರೀ ಕುರುಚಲು, ಮರಳು. ಬ್ಯೂರೋದ ನಕ್ಷೆಗಳಲ್ಲಿ ಆ ಜಾಗದಲ್ಲಿ ಗುರುತ್ವದ ಎತ್ತರವೂ ಕಾಂತೀಯ ಎತ್ತರವೂ ಒಂದರ ಮೇಲೊಂದು ಕೂತಿದ್ದವು. ಗಡ್ಡೆ ಹಲವು ಕಿಲೋಮೀಟರ್ ಅಗಲದ್ದಾದ್ದರಿಂದ ವಿರಳ ಅಳತೆಯಲ್ಲೂ ಅದು ತಪ್ಪಿಸಿಕೊಳ್ಳಲಿಲ್ಲ. ವೆಸ್ಟರ್ನ್ ಮೈನಿಂಗ್ ಕಂಪನಿಯ ಭೂವಿಜ್ಞಾನಿಗಳ ಊಹೆ: ಕೆಳಗೆ ಮೇಲೆದ್ದ ಬಸಾಲ್ಟ್ ಇದೆ, ಅದರಿಂದ ಬಿಟ್ಟ ತಾಮ್ರ ಮೇಲಿನ ಪದರಗಲ್ಲಿನಲ್ಲಿ ಸಿಗಬೇಕು. 1975ರ ಜುಲೈನಲ್ಲಿ ಮೊದಲ ಕೊಳವೆ ಕೊರೆದರು. 300 ಮೀಟರಿಗೂ ಹೆಚ್ಚು ಹೊದಿಕೆ ದಾಟಿದ ಮೇಲೆ 38 ಮೀಟರ್ ಉದ್ದಕ್ಕೆ ಶೇಕಡ 1ರಷ್ಟು ತಾಮ್ರ ಸಿಕ್ಕಿತು. ಸಿಕ್ಕಿದ್ದು ಪದರಗಲ್ಲಿನಲ್ಲಿ ಅಲ್ಲ, ಒಡೆದು ಚೂರಾದ ಗ್ರಾನೈಟ್‌ನಲ್ಲಿ ತುಂಬಿಕೊಂಡ ಹೆಮಟೈಟ್‌ನಲ್ಲಿ. ಗುರುತ್ವವನ್ನು ಎತ್ತಿದ್ದು ಬಸಾಲ್ಟ್ ಅಲ್ಲ, ಆ ಹೆಮಟೈಟ್. ಹತ್ತನೆಯ ಕೊಳವೆಯಲ್ಲಿ, 1976ರ ನವೆಂಬರಿನಲ್ಲಿ, 170 ಮೀಟರ್ ಉದ್ದಕ್ಕೆ ಶೇಕಡ 2.1 ತಾಮ್ರ ಬಂತು. ಅಂಕಿ ಸರಿಯಿತ್ತು, ಜಾಗ ಸರಿಯಿತ್ತು, ಕಲ್ಲಿನ ಹೆಸರು ತಪ್ಪಿತ್ತು. ಇಂಥ ಗಡ್ಡೆ ಹುಡುಕುವಾಗ ಕಾಂತೀಯ ನಕ್ಷೆಗಿಂತ ಗುರುತ್ವ ನಕ್ಷೆಗೆ ಬೆಲೆ ಹೆಚ್ಚು, ಏಕೆಂದರೆ ಹೆಮಟೈಟ್ ಭಾರವಿದೆ, ಅಯಸ್ಕಾಂತದ ಗುಣ ಅದಕ್ಕೆ ಅಷ್ಟಿಲ್ಲ. ಅದೇ ಪ್ರದೇಶದಲ್ಲಿ 2001ರಲ್ಲಿ ಪ್ರಾಮಿನೆಂಟ್ ಹಿಲ್, 2005ರಲ್ಲಿ ಕ್ಯಾರಪಟೀನಾ ಎಂಬ ಅದಿರಿನ ಗಡ್ಡೆಗಳು ಸಿಕ್ಕವು.

ಬೇರೊಂದು ಸಾಕ್ಷಿ ಜೊತೆಗಿದ್ದರೆ ಗುರುತ್ವ ಎಷ್ಟು ಖಚಿತವಾಗಬಲ್ಲದು ಎನ್ನುವುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಇಲ್ಗಾರ್ನ್ ಪ್ರದೇಶ ನೋಡಿ. ಅಲ್ಲಿನ ಕಲ್ಗೂರ್ಲಿಯ ಚಿನ್ನ ಇರುವುದು ಹಸಿರುಶಿಲೆಯ (ಹಳೆಯ ಬಸಾಲ್ಟ್‌ನಂಥ ಕಲ್ಲು ಮಾರ್ಪಟ್ಟು ಆದದ್ದು) ಪಟ್ಟಿಯಲ್ಲಿ, ನಮ್ಮ ಕೋಲಾರ, ಹಟ್ಟಿ ಇರುವುದೂ ಅದೇ ಜಾತಿಯ ಕಲ್ಲಿನಲ್ಲಿ. ಸುತ್ತ ಹಗುರ ಗ್ರಾನೈಟ್, ನಡುವೆ ಭಾರದ ಹಸಿರುಶಿಲೆ. ಹಾಗಾಗಿ ಪಟ್ಟಿಗಳು ನಕ್ಷೆಯಲ್ಲಿ ಎತ್ತರದ ಏಣುಗಳಾಗಿ ಮರಳಿನ ಕೆಳಗೂ ಹಿಂಬಾಲಿಸಲು ಸಿಗುತ್ತವೆ. ಸಾಂದ್ರತೆಯ ಅಂತರ 0.25 ಎಂದು ಹಿಡಿದರೆ 5 ಕಿಲೋಮೀಟರ್ ದಪ್ಪದ ಅಗಲ ಪಟ್ಟಿಗೆ 50 ಮಿಲಿಗಾಲ್. ಪಟ್ಟಿ ಕಿರಿದಾದರೆ ಇನ್ನೂ ಕಡಿಮೆ. ಅಂದರೆ ಈ ಪಟ್ಟಿಗಳಿಗೆ ಚಿಪ್ಪಿನ ತಳದವರೆಗೆ ಇಳಿಯುವ ಬೇರಿಲ್ಲ. 1991ರಲ್ಲಿ ಕಲ್ಗೂರ್ಲಿಯ ಬಳಿ ಕಂಪನದ ಅಲೆ ಕಳಿಸಿ ನೋಡಿದಾಗ ಹಸಿರುಶಿಲೆಯ ತಳ 4ರಿಂದ 7 ಕಿಲೋಮೀಟರ್ ಆಳದಲ್ಲಿ ಸಿಕ್ಕಿತು.

ಈಗ ವಿಮಾನದಿಂದಲೂ ಅಳೆಯುತ್ತಾರೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹಾರುವಾಗ ಭೂಮಿಯ ತಿರುಗುವಿಕೆಗೆ ವೇಗ ಸೇರಿಕೊಂಡು ಗುರುತ್ವ 700 ಮಿಲಿಗಾಲ್‌ಗೂ ಹೆಚ್ಚು ಇಳಿದಂತೆ ತೋರುತ್ತದೆ. ವಿಮಾನದ ಕುಲುಕಾಟ ಅದಕ್ಕಿಂತಲೂ ದೊಡ್ಡದು. ಅದನ್ನು ಶೋಧಿಸಲು ನೂರು ಸೆಕೆಂಡಿನ ಸರಾಸರಿ ತೆಗೆದರೆ ಅಷ್ಟರಲ್ಲಿ ಐದಾರು ಕಿಲೋಮೀಟರ್ ದಾಟಿಯಾಯಿತು. ಹಾಗಾಗಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಗಳಲ್ಲಿ ಎರಡು, ಎರಡೂವರೆ ಕಿಲೋಮೀಟರ್ ಅಂತರದ ಸಾಲುಗಳಲ್ಲಿ ಹಾರಿದ್ದು ಪ್ರಾದೇಶಿಕ ಚಿತ್ರಕ್ಕೆ ಬಹಳ ಒಳ್ಳೆಯದು, ಒಂದು ಸಣ್ಣ ಗಡ್ಡೆಯನ್ನು ಹಿಡಿಯಲು ಸಾಲದು. ನೆಲದ ಹತ್ತು ಲಕ್ಷಕ್ಕೂ ಹೆಚ್ಚು ತಾಣಗಳನ್ನೂ ಈ ಹಾರಾಟದ ಸಾಲುಗಳನ್ನೂ ಬೆರೆಸಿದ ರಾಷ್ಟ್ರೀಯ ಗ್ರಿಡ್ ಜಿಯೋಸೈನ್ಸ್ ಆಸ್ಟ್ರೇಲಿಯಾ ಸಂಸ್ಥೆಯಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತದೆ. ನಿಮ್ಮಲ್ಲಿ ವಿದ್ಯಾರ್ಥಿಗಳಾದವರು ದಯವಿಟ್ಟು ಇಳಿಸಿಕೊಂಡು ನೋಡಿ.

ನೋಡುವಾಗ ಒಂದು ಮಾತ್ರ ಮಾಡಿ. ಬಣ್ಣದ ಚಿತ್ರ ತೆರೆದ ಕೂಡಲೇ ಅದರ ಮೇಲೆ ಅಳತೆಯ ತಾಣಗಳ ಚುಕ್ಕೆಗಳನ್ನು ಹರಡಿ. ಗ್ರಿಡ್ಡಿನ ಚೌಕ 400 ಮೀಟರ್ ಆಸುಪಾಸಿನದ್ದಿರಬಹುದು, ಆದರೆ ಅದರಡಿಯ ಚುಕ್ಕೆಗಳು ಒಂದು ಕಡೆ 100 ಮೀಟರಿಗೊಂದು, ಇನ್ನೊಂದು ಕಡೆ ಇಂದಿಗೂ 11 ಕಿಲೋಮೀಟರಿಗೊಂದು. ರಸ್ತೆಯುದ್ದಕ್ಕೆ ಮಾತ್ರ ಚುಕ್ಕೆಗಳಿದ್ದರೆ ರಸ್ತೆಯ ದಿಕ್ಕಿನಲ್ಲೇ ಒಂದು ಸುಳ್ಳು ಏಣು ಎದ್ದಿರುತ್ತದೆ. ಗುರಿಹಲಗೆಯಂಥ ದುಂಡನೆಯ ಕೆಂಪು ಕಲೆ ಕಂಡು, ಅದರ ನಟ್ಟನಡುವೆ ಒಂದೇ ಒಂದು ಚುಕ್ಕೆ ಇದ್ದರೆ, ಆ ತಾಣವನ್ನು ಯಾವ ವರ್ಷ ಓದಿದರು, ಎತ್ತರವನ್ನು ಬ್ಯಾರೋಮೀಟರಿನಿಂದ ಅಳೆದರೋ ಜಿಪಿಎಸ್‌ನಿಂದಲೋ ಎಂದು ಪಟ್ಟಿಯಲ್ಲಿ ಹುಡುಕಿ. ಬ್ಯಾರೋಮೀಟರ್ ಎಂದಿದ್ದರೆ, ಡ್ರಿಲ್ ಹತ್ತಿರ ಹೋಗುವ ಮುಂಚೆ ಆ ತಾಣದ ಸುತ್ತ ಇನ್ನೂ ನಾಲ್ಕು ಕಡೆ ಮಾಪಕ ಇಟ್ಟು ಓದಬೇಕು.